ಪ್ರೇಮಕಾವ್ಯದ ಹೆಸರು ಹೊತ್ತ ಪೆನ್ನು: ಕರಾವಳಿಯ ಕನ್ನಡದ ಕೈಗೆ ಯಾವುದು ಸರಿ?

ದುಬಾರಿ ಫೌಂಟನ್ ಪೆನ್ನುಗಳ ಬಗ್ಗೆ ನನ್ನನ್ನು ಕೇಳುವವರು ಹೆಚ್ಚಾಗಿ ಮೂರು ಬಗೆಯವರು. ಮಂಗಳೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಕಲಿಸಿ ನಿವೃತ್ತರಾಗುತ್ತಿರುವ ಅಧ್ಯಾಪಕಿಗೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಉಡುಗೊರೆ ಕೊಡಬೇಕೆಂದುಕೊಂಡವರು ಒಂದು ಬಗೆ. ಮದುವೆಯ ಹೊತ್ತಿಗೆ ಸಂಗಾತಿಗೆ ಆಭರಣದ ಜೊತೆಗೋ ಬದಲಿಗೋ ಒಂದು ಲೇಖನಿ ಕೊಡಲು ಹಂಬಲಿಸುವವರು ಇನ್ನೊಂದು. ದಿನವೂ ಪುಟಗಟ್ಟಲೆ ಬರೆಯುವ, ಜೀವನದಲ್ಲಿ ಒಮ್ಮೆಯಾದರೂ ಒಳ್ಳೆಯ ಪೆನ್ನು ಹಿಡಿಯಬೇಕೆನ್ನುವವರು ಮೂರನೆಯವರು. ಎಲ್ಲರ ಕಣ್ಣೂ ಆಸ್ಟಿನ್, ಹ್ಯೂಗೋ, ಷೇಕ್ಸ್‌ಪಿಯರ್ ಎಂಬ ಹೆಸರುಗಳನ್ನು ಹೊತ್ತ ಪೆನ್ನುಗಳ ಮೇಲೆಯೇ ಇರುತ್ತದೆ. ನೆಚ್ಚಿನ ಪ್ರೇಮಕಥೆಯ ನೆನಪನ್ನು ಬೆರಳ ನಡುವೆ ಹಿಡಿದು ಬರೆಯುವ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ, ಅದನ್ನು ಗೌರವಿಸುತ್ತೇನೆ. ಆದರೂ ಪೆನ್ನಿನ ಮೇಲೆ ಯಾರ ಹೆಸರಿದೆ ಎಂಬುದನ್ನು ನಾನು ಕೊನೆಯಲ್ಲಿ ನೋಡುತ್ತೇನೆ. ಅದಕ್ಕೂ ಮೊದಲು ನೋಡಬೇಕಾದ ಸಂಗತಿಗಳು ಮೂರಿವೆ.

ಮೊದಲು ನಿಬ್ಬು

ಇಂಥ ಪೆನ್ನುಗಳ ವಿಮರ್ಶೆಗಳಲ್ಲಿ ಬಹುಪಾಲು ರೋಮನ್ ಲಿಪಿ ಬರೆಯುವ ಕೈಗಳು ಬರೆದವು. ನಮ್ಮ ಲಿಪಿಯ ಬೇಡಿಕೆಯೇ ಬೇರೆ. ತಲೆಕಟ್ಟು, ಕೊಂಬು, ಸುಳಿ, ಕೆಳಗೆ ಕೂರುವ ಒತ್ತು ಎಲ್ಲ ಸೇರಿ ಒಂದೇ ಅಕ್ಷರದೊಳಗೆ ನಿಬ್ಬು ಎಲ್ಲ ದಿಕ್ಕಿಗೂ ತಿರುಗಬೇಕಾಗುತ್ತದೆ. 'ಕೃಷ್ಣ', 'ಸ್ತ್ರೀ', 'ಉತ್ಕಂಠೆ' ಎಂದು ಬರೆದು ನೋಡಿ. ಗೆರೆ ದಪ್ಪವಾದರೆ ಷಕಾರದ ಹೊಟ್ಟೆ ಮುಚ್ಚಿಹೋಗುತ್ತದೆ, ರಾವತ್ತು ಕೆಳಗಿನ ಸಾಲಿಗೆ ತಾಗುತ್ತದೆ. ಆದ್ದರಿಂದ ಗೆರೆ ಹಾಕಿದ ಸಾಮಾನ್ಯ ನೋಟ್‌ಪುಸ್ತಕದಲ್ಲಿ ಕನ್ನಡ ಬರೆಯುವವರಿಗೆ ಯುರೋಪಿನ ಪೆನ್ನಾದರೆ ಎಫ್ (ಫೈನ್, ತೆಳು ಗೆರೆ), ಜಪಾನಿನದಾದರೆ ಎಫ್ ಅಥವಾ ಎಂ (ಮೀಡಿಯಂ, ಮಧ್ಯಮ ಗೆರೆ) ಸರಿಹೋಗುತ್ತದೆ. ಜಪಾನಿನ ನಿಬ್ಬುಗಳು ಸಾಮಾನ್ಯವಾಗಿ ಯುರೋಪಿನದಕ್ಕಿಂತ ಒಂದು ಅಳತೆ ತೆಳುವಾಗಿಯೇ ಬರೆಯುತ್ತವೆ. ಬಿಳಿ ಹಾಳೆಯಲ್ಲಿ ಅಗಲ ಅಕ್ಷರ ಬಿಡಿಸುವವರಿಗೆ ಎಂ ಚೆನ್ನ.

ಹಳೆಯ ಪ್ರೇಮಪತ್ರಗಳ ಚಿತ್ರ ನೋಡಿ ಮರುಳಾಗಿ, ಒತ್ತಿದರೆ ಅಗಲವಾಗುವ ಫ್ಲೆಕ್ಸ್ ನಿಬ್ಬು ಬೇಕೆನ್ನುವವರಿದ್ದಾರೆ. ಕನ್ನಡಕ್ಕೆ ಅದು ಬೇಡ. ಆ ನಿಬ್ಬು ಅರಳುವುದು ನಮ್ಮ ಕಡೆಗೆ ಎಳೆದಾಗ. ಕನ್ನಡದ ಅಕ್ಷರಗಳಲ್ಲಿ ಮೇಲಕ್ಕೆ ನೂಕುವ ಬಾಗುಗೆರೆಗಳು ಹೇರಳ. ನೂಕಿದಾಗ ಅರಳಿದ ತುದಿ ಕಾಗದದ ನಾರಿಗೆ ಸಿಕ್ಕಿಕೊಂಡು ಶಾಯಿ ಸಿಡಿಸುತ್ತದೆ. ತುಸು ಮೃದುವಾದ ಚಿನ್ನದ ನಿಬ್ಬು ಸಾಕು.

ಆಮೇಲೆ ಮಳೆಗಾಲ

ಮಂಗಳೂರು–ಉಡುಪಿಯಲ್ಲಿ ವರ್ಷಕ್ಕೆ ಮೂರುವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ, ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆಟಿ ತಿಂಗಳಲ್ಲಿ ಕಪಾಟಿನೊಳಗಿನ ಚರ್ಮದ ಚೀಲಕ್ಕೆ ಬೂಷ್ಟು ಹಿಡಿಯುತ್ತದೆ, ಕಾಗದ ತೇವ ಹೀರಿ ಶಾಯಿಯನ್ನು ಹರಡಿಸುತ್ತದೆ, ಬೆಳ್ಳಿ ಕಪ್ಪಾಗುತ್ತದೆ. ಹಾಗಾಗಿ ಪೆನ್ನಿನ ಮೈ ಯಾವುದರಿಂದ ಮಾಡಿದ್ದು ಎಂದು ವಿಚಾರಿಸುವುದು ನಮಗೆ ಅನಿವಾರ್ಯ. ಹಾಲಿನ ಪ್ರೋಟೀನಿನಿಂದ ಮಾಡುವ ಕೇಸೀನ್ ಎಂಬ ಪದಾರ್ಥದ ಪೆನ್ನುಗಳು ನೋಡಲು ಬಹು ಚೆಂದ, ಆದರೆ ತೇವ ಹೀರಿ ಉಬ್ಬಿ ಬಾಗುತ್ತವೆ. ಕರಾವಳಿಯಲ್ಲಿ ಅವನ್ನು ಕೊಳ್ಳಬೇಡಿ. ಬೆಳ್ಳಿಯ ಹೊದಿಕೆಯದನ್ನು ಕೊಂಡರೆ ಆಗಾಗ ಒರೆಸುವ ತಾಳ್ಮೆ ಇರಬೇಕು. ಚಿನ್ನದ ನಿಬ್ಬಿಗೆ ತುಕ್ಕಿನ ಭಯವಿಲ್ಲ. ಒಳ್ಳೆಯ ರೆಸಿನ್‌ಗೆ (ಗಟ್ಟಿ ಪ್ಲಾಸ್ಟಿಕ್ಕಿಗೆ) ತೇವದ ಚಿಂತೆಯಿಲ್ಲ, ಗಟ್ಟಿ ನೆಲಕ್ಕೆ ಬಿದ್ದರೆ ಸೀಳುವ ಚಿಂತೆ ಉಂಟು.

ಮೂರನೆಯದು ದುರಸ್ತಿ. ಲಕ್ಷದ ಪೆನ್ನು ಕೆಟ್ಟರೆ ಹಂಪನಕಟ್ಟೆಯಲ್ಲಾಗಲಿ ಉಡುಪಿಯ ರಥಬೀದಿಯಲ್ಲಾಗಲಿ ಅದನ್ನು ಬಿಚ್ಚಿ ಸರಿಮಾಡುವವರು ಸಿಗುವುದಿಲ್ಲ. ಅದು ಬೆಂಗಳೂರಿಗೋ ಮುಂಬೈಗೋ, ಕೆಲವೊಮ್ಮೆ ತಯಾರಾದ ದೇಶಕ್ಕೋ ಹೋಗಬೇಕು. ಉಡುಗೊರೆಯಾಗಿ ಕೊಟ್ಟ ಪೆನ್ನು ತಿಂಗಳುಗಟ್ಟಲೆ ದೂರ ಹೋದರೆ ಪಡೆದವರಿಗೆ ಆಗುವ ಬೇಸರವನ್ನೂ ಬೆಲೆಯ ಜೊತೆಗೆ ಎಣಿಸಿ.

ಇವೆಲ್ಲ ದಾಟಿದ ಮೇಲೆ ಕಥೆಯ ವಿಚಾರ. ನನ್ನ ಪರೀಕ್ಷೆ ಸರಳ: ಪೆನ್ನಿನ ಮೇಲಿನ ಸಹಿಯನ್ನೂ ಪೆಟ್ಟಿಗೆಯನ್ನೂ ಬದಿಗಿಟ್ಟರೆ, ಆ ಕೃತಿಯ ಏನಾದರೂ ಪೆನ್ನಿನಲ್ಲಿ ಉಳಿಯುತ್ತದೆಯೇ?

ಮಾಂಟ್‌ಬ್ಲಾಂಕ್‌ನ ಲೇಖಕರ ಸರಣಿ

ಹ್ಯಾಂಬರ್ಗಿನ ಈ ಸಂಸ್ಥೆ 1992ರಲ್ಲಿ ಹೆಮಿಂಗ್ವೆಯಿಂದ ಆರಂಭಿಸಿ ವರ್ಷಕ್ಕೊಬ್ಬ ಲೇಖಕರ ಹೆಸರಿನಲ್ಲಿ ವಿಶೇಷ ಆವೃತ್ತಿ ತರುತ್ತಿದೆ. ಪ್ರೇಮಸಾಹಿತ್ಯ ಓದುವವರನ್ನು ಸೆಳೆಯುವ ಪೆನ್ನುಗಳು ಇದರಲ್ಲಿ ನಾಲ್ಕು: 1996ರ ಡ್ಯೂಮಾ, 2016ರ ಷೇಕ್ಸ್‌ಪಿಯರ್, 2020ರ ವಿಕ್ಟರ್ ಹ್ಯೂಗೋ, 2024ರ ಜೇನ್ ಆಸ್ಟಿನ್. ಹೊಸದಾಗಿ ಕೊಳ್ಳಲು ಲಕ್ಷ ರೂಪಾಯಿ ದಾಟಿದ ಬಜೆಟ್ ಬೇಕು.

ಗುಣದ ಮಾತಿಗೆ ಬಂದರೆ ಇವು ಸಾಚಾ ಪೆನ್ನುಗಳು. ಚಿನ್ನದ ನಿಬ್ಬು ನಂಬಿಕಸ್ಥ, ಬಹುಪಾಲು ಆವೃತ್ತಿಗಳಲ್ಲಿ ಪಿಸ್ಟನ್ (ಹಿಂತುದಿ ತಿರುಗಿಸಿ ಶಾಯಿ ಎಳೆಯುವ ವ್ಯವಸ್ಥೆ) ಇದ್ದು ಶಾಯಿ ಧಾರಾಳವಾಗಿ ಹಿಡಿಯುತ್ತದೆ. ಆದರೆ ಇವುಗಳ ಎಂ ನಿಬ್ಬು ಕನ್ನಡಕ್ಕೆ ದಪ್ಪ. ಎಫ್ ಕೇಳಿಯೇ ಕೊಳ್ಳಿ, ಸಿಗದಿದ್ದರೆ ನಿಬ್ಬು ಬದಲಿಸಿಕೊಡುವರೇ ಎಂದು ಹಣ ಕೊಡುವ ಮೊದಲೇ ವಿಚಾರಿಸಿ. ಲೋಹ ಹೆಚ್ಚು ಬಳಸಿದ ಆವೃತ್ತಿಗಳು ಭಾರವಾಗಿರುತ್ತವೆ. ಸಹಿ ಹಾಕಲು, ಪುಟ್ಟ ಪತ್ರ ಬರೆಯಲು ಅಡ್ಡಿಯಿಲ್ಲ, ಪುಟಗಟ್ಟಲೆ ಬರೆಯುವವರಿಗೆ ಬೆರಳು ನೋಯುತ್ತದೆ.

'ಸೀಮಿತ ಆವೃತ್ತಿ' ಎಂಬ ಮಾತಿಗೆ ಎಷ್ಟು ತೂಕ ಕೊಡಬೇಕು ಎಂದು ಹಲವರು ಕೇಳುತ್ತಾರೆ. ಮೊದಲ ಹೆಮಿಂಗ್ವೆ ಪೆನ್ನೇ 20,000 ಸಂಖ್ಯೆಯಲ್ಲಿ ಬಂದಿತ್ತು. ಮುಂದೆ ಬೆಲೆ ಏರುತ್ತದೆ ಎಂಬ ಲೆಕ್ಕದಲ್ಲಿ ಕೊಳ್ಳುವುದನ್ನು ನಾನು ಯಾರಿಗೂ ಹೇಳಲಾರೆ. ಪ್ರೀತಿಯಿಂದ ಕೊಳ್ಳುವುದಾದರೆ ಸಂಖ್ಯೆ ಅಡ್ಡಿಯಾಗುವುದಿಲ್ಲ.

ಹ್ಯೂಗೋ ಪೆನ್ನು ನೋತ್ರ್ ದಾಮ್ ಚರ್ಚಿನ ವಾಸ್ತುವನ್ನು ನೆನಪಿಸುತ್ತದೆ. ಅದು ಕಟ್ಟಡದ ಪ್ರೇಮ, ಕೈಗೆ ಗಂಭೀರವಾಗಿ ಕೂರುತ್ತದೆ. ಪ್ರಣಯದ ಉಡುಗೊರೆಗೆ ಆಸ್ಟಿನ್ ಹೆಚ್ಚು ಒಪ್ಪುತ್ತದೆ. ಆಸ್ಟಿನ್ ಬರೆದದ್ದು ಹಕ್ಕಿಯ ಗರಿಯಿಂದ. ಫೌಂಟನ್ ಪೆನ್ನು ಮನೆಮಾತಾಗುವ ಎಷ್ಟೋ ವರ್ಷ ಮೊದಲೇ, 1817ರಲ್ಲಿ ಆಕೆ ತೀರಿಕೊಂಡಳು. ಹಾಗಿದ್ದರೂ ಲೇಖನಿಗೂ ಪ್ರೇಮಕ್ಕೂ ಅಷ್ಟು ಹತ್ತಿರದ ನಂಟು ಕಟ್ಟಿದವರು ಕಡಿಮೆ. ಆಕೆಯ 'ಪರ್ಸ್ವೇಶನ್' ಕಾದಂಬರಿಯ ಕೊನೆಗೆ ಕ್ಯಾಪ್ಟನ್ ವೆಂಟ್‌ವರ್ತ್ ತುಂಬಿದ ಕೋಣೆಯಲ್ಲಿ ಕುಳಿತು ಪತ್ರ ಬರೆಯುತ್ತಿರುತ್ತಾನೆ. ಅತ್ತ ನಾಯಕಿ ಆ್ಯನ್ ಆಡುವ ಮಾತುಗಳು ಕಿವಿಗೆ ಬೀಳುತ್ತವೆ, ಕೈಯಿಂದ ಲೇಖನಿ ಜಾರುತ್ತದೆ. ಬಾಯಲ್ಲಿ ಹೇಳಲಾಗದ್ದನ್ನು ಅವನು ಅಲ್ಲೇ ಕಾಗದಕ್ಕೆ ಇಳಿಸುತ್ತಾನೆ. ಆ ಅಧ್ಯಾಯವನ್ನು ತರಗತಿಯಲ್ಲಿ ವರ್ಷಗಟ್ಟಲೆ ಪಾಠ ಮಾಡಿದ ಅಧ್ಯಾಪಕಿಗೆ ಈ ಪೆನ್ನು ಕೊಟ್ಟರೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಡ್ಯೂಮಾ ಪೆನ್ನಿನ ಕಥೆ ಇನ್ನೂ ಸ್ವಾರಸ್ಯಕರ. ತಂದೆ–ಮಗ ಇಬ್ಬರ ಹೆಸರೂ ಅಲೆಕ್ಸಾಂಡ್ರ್ ಡ್ಯೂಮಾ. ಮೊದಲು ಹೊರಬಂದ ಕೆಲವು ಪೆನ್ನುಗಳಲ್ಲಿ ತಂದೆಯ ಸಹಿಗೆ ಬದಲಾಗಿ ಮಗನ ಸಹಿ ಅಚ್ಚಾಗಿಬಿಟ್ಟಿತ್ತು, ಆಮೇಲೆ ತಿದ್ದಲಾಯಿತು. ಸಾಹಸಕಥೆ ಬರೆದ ತಂದೆಗಿಂತ ಮಗನೇ ಪ್ರೇಮಸಾಹಿತ್ಯಕ್ಕೆ ಹತ್ತಿರದವನು. 1848ರಲ್ಲಿ ಅವನು ಬರೆದ ಕ್ಯಾಮೆಲಿಯಾ ಹೂವಿನ ಹೆಣ್ಣಿನ ಕಥೆಯೇ ವೆರ್ದಿಯ 'ಲಾ ಟ್ರಾವಿಯಾಟಾ' ಒಪೆರಾಕ್ಕೆ ಮೂಲ. ಹಾಗಾಗಿ ದುರಂತ ಪ್ರೇಮಕಥೆಯನ್ನು ಮೆಚ್ಚುವ ಸಂಗ್ರಾಹಕರಾದರೆ ಮಗನ ಸಹಿಯ ಪೆನ್ನನ್ನೇ ಹುಡುಕಿ. ಆದರೆ ಅದು ಬಳಸಿದ ಪೆನ್ನುಗಳ ಮಾರುಕಟ್ಟೆಯಲ್ಲಿ ಮಾತ್ರ ಸಿಗುವಂಥದ್ದು. ಈ ಸಂಸ್ಥೆಯ ಹೆಸರಿನ ನಕಲಿಗಳು ವಿಪರೀತ. ಪಿಸ್ಟನ್ ಸಲೀಸಾಗಿ ತಿರುಗುವ, ಶಾಯಿ ಎಳೆಯುವ ವಿಡಿಯೊ ಕೇಳಿ ಪಡೆಯಿರಿ. ವಾಪಸಾತಿ ಒಪ್ಪದ ಮಾರಾಟಗಾರರ ಬಳಿ ಕೊಳ್ಳಬೇಡಿ.

ಜಪಾನಿನ ಅರಗಿನ ಪೆನ್ನು

ನನ್ನ ಮನಸ್ಸು ಹೆಚ್ಚು ಒಲಿಯುವುದು ಇಲ್ಲಿಗೆ. ಕಾರಣ ಬರಿಯ ಅಂದವಲ್ಲ.

ನಾಮಿಕಿ, ನಕಾಯಾ ಮುಂತಾದವರ ಪೆನ್ನುಗಳಿಗೆ ಹಚ್ಚುವ ಉರುಶಿ ಒಂದು ಮರದ ಹಾಲು. ಅದು ಬಿಸಿಲಿಗೆ ಒಣಗಿ ಗಟ್ಟಿಯಾಗುವ ಬಣ್ಣವಲ್ಲ. ಗಾಳಿಯಲ್ಲಿ ಶೇಕಡಾ 70–80ರಷ್ಟು ತೇವ ಇದ್ದಾಗಲೇ ಅದರೊಳಗಿನ ಕಿಣ್ವ ಕೆಲಸ ಮಾಡಿ ಪದರ ಗಟ್ಟಿಯಾಗುತ್ತದೆ. ನಮ್ಮ ಮಳೆಗಾಲದ ಗಾಳಿ ಇದಕ್ಕೆ ಶತ್ರುವಲ್ಲ. ನೇರ ಬಿಸಿಲು ಮಾತ್ರ ಶತ್ರು, ಕಿಟಕಿಯ ಪಕ್ಕ ಇಡಬಾರದು. ಉರುಶಿ ಮರ ನಮ್ಮ ಮಾವು, ಗೇರಿನ ಕುಟುಂಬಕ್ಕೇ ಸೇರಿದ್ದು. ಹಸಿ ಉರುಶಿ ತಾಗಿದರೆ ಗೇರುಬೀಜದ ಸಿಪ್ಪೆಯೆಣ್ಣೆಯಂತೆಯೇ ಚರ್ಮ ಸುಡುತ್ತದೆ, ಗಟ್ಟಿಯಾದ ಮೇಲೆ ನಿರಪಾಯ. ಜಪಾನಿನಲ್ಲಿ ಉರುಶಿಗೆ ಬದಲಿಯಾಗಿ ಬಳಸುವ, ಕಡಿಮೆ ಬೆಲೆಯ 'ಕ್ಯಾಶ್ಯೂ' ಎಂಬ ಅರಗು ತಯಾರಾಗುವುದು ಗೇರುಸಿಪ್ಪೆಯ ಎಣ್ಣೆಯಿಂದಲೇ. ಮಂಗಳೂರಿನ ಗೇರುಬೀಜ ಕಾರ್ಖಾನೆಗಳ ನಡುವೆ ಬೆಳೆದವರಿಗೆ ಈ ನಂಟು ಖುಷಿ ಕೊಡುತ್ತದೆ. ಮಾರುವವರು 'ಅರಗಿನ ಪೆನ್ನು' ಎಂದಷ್ಟೇ ಹೇಳಿದರೆ ಉರುಶಿಯೋ ಕ್ಯಾಶ್ಯೂವೋ ಎಂದು ಕೇಳಿ, ದರದಲ್ಲಿ ದೊಡ್ಡ ಅಂತರವಿದೆ.

ಪ್ರೇಮಸಾಹಿತ್ಯದ ನಂಟೂ ಇಲ್ಲಿ ಆಳದ್ದು. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಮುರಸಾಕಿ ಶಿಕಿಬು ಎಂಬ ಆಸ್ಥಾನದ ಹೆಣ್ಣುಮಗಳು ಬರೆದ 'ಗೆಂಜಿಯ ಕಥೆ'ಯಲ್ಲಿ ಪ್ರೇಮ ನಡೆಯುವುದೇ ಪತ್ರಗಳಲ್ಲಿ. ಕಾಗದದ ಬಣ್ಣ, ಅದಕ್ಕೆ ಹಾಕಿದ ಪರಿಮಳ, ಜೊತೆಗೆ ಕಟ್ಟಿ ಕಳಿಸಿದ ಹೂವಿನ ಕೊಂಬೆ, ಎಲ್ಲಕ್ಕಿಂತ ಮಿಗಿಲಾಗಿ ಕೈಬರಹ ನೋಡಿ ಅಲ್ಲಿ ಮನುಷ್ಯರು ಒಬ್ಬರಿಗೊಬ್ಬರು ಮನಸೋಲುತ್ತಾರೆ. ಆ ಕಥೆಯ ಪ್ರಸಂಗಗಳನ್ನು ಅರಗಿನ ಮೇಲೆ ಚಿನ್ನದ ಪುಡಿಯಿಂದ ಚಿತ್ರಿಸುವ ಮಾಕಿ-ಎ ಕಲೆ ಶತಮಾನಗಳಿಂದ ನಡೆದುಬಂದಿದೆ. 1639ರಲ್ಲಿ ಜಪಾನನ್ನು ಆಳುತ್ತಿದ್ದ ಶೋಗನ್ ಇಯೆಮಿತ್ಸುವಿನ ಮಗಳ ಮದುವೆಗೆ ಮಾಡಿಸಿದ ಅರಗಿನ ಬಳುವಳಿ ಸಾಮಾನುಗಳ ಮೇಲಿನ ಚಿತ್ರಕ್ಕೆ ಗೆಂಜಿಯ ಒಂದು ಅಧ್ಯಾಯವೇ ಆಧಾರ. ಅವು ಇಂದಿಗೂ ನಗೋಯಾದ ಟೊಕುಗಾವಾ ಕಲಾ ಸಂಗ್ರಹಾಲಯದಲ್ಲಿವೆ. ಮಾಕಿ-ಎ ಪೆನ್ನು ಆ ಪರಂಪರೆಯ ಮುಂದುವರಿಕೆ. ಸಹಿ ಮುಚ್ಚಿದರೂ ಕಥೆ ಉಳಿಯುತ್ತದೆ.

ಬೆಲೆಯ ವಿಚಾರದಲ್ಲಿ ಕಣ್ಣು ತೆರೆದಿರಬೇಕು. ಕೈಯಿಂದ ಚಿತ್ರಿಸಿದ ನಾಮಿಕಿ ಲಕ್ಷಗಳಲ್ಲಿ ಓಡುತ್ತದೆ. ಚಿತ್ರವಿಲ್ಲದ, ಬರಿಯ ಉರುಶಿ ಹಚ್ಚಿದ ನಕಾಯಾ ಅದಕ್ಕಿಂತ ಬಹಳ ಕಡಿಮೆ, ಆದರೂ ಆಮದು ಸುಂಕ ಸೇರಿ ಲಕ್ಷದ ಆಸುಪಾಸಿಗೆ ಬರಬಹುದು. ನಕಾಯಾ ಆರಂಭವಾದದ್ದು ಪ್ಲಾಟಿನಂ ಎಂಬ ಜಪಾನಿನ ಪೆನ್ನು ಸಂಸ್ಥೆಯ ಹಿರಿಯ ಕುಶಲಕರ್ಮಿಗಳಿಂದ. ನೀವು ಪೆನ್ನು ಹಿಡಿಯುವ ಕೋನ, ಒತ್ತುವ ರೀತಿ ಕೇಳಿ ನಿಬ್ಬನ್ನು ಹೊಂದಿಸಿಕೊಡುತ್ತಾರೆ. ನಿಮ್ಮ ಕನ್ನಡ ಕೈಬರಹದ ಒಂದು ಹಾಳೆಯ ಚಿತ್ರವನ್ನೂ ಕಳಿಸಿ. ಕಾಯುವುದು ತಿಂಗಳುಗಟ್ಟಲೆ, ಮದುವೆ ದಿನಾಂಕ ಗೊತ್ತಾದ ಕೂಡಲೇ ಹೇಳಿಡಬೇಕು.

ಇಟಲಿಯವು

ಇವುಗಳ ಬಗ್ಗೆ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. 1912ರಲ್ಲಿ ಹುಟ್ಟಿದ ಮೊಂಟೆಗ್ರಾಪ್ಪ ಡಾಂಟೆಯ 'ಇನ್ಫರ್ನೊ' ಹೆಸರಿನ ಪೆನ್ನು ತಂದಿದೆ. ಆ ಕಾವ್ಯದ ಐದನೆಯ ಸರ್ಗದಲ್ಲಿ ಪಾವೊಲೊ–ಫ್ರಾಂಚೆಸ್ಕಾ ಜೊತೆಯಾಗಿ ಒಂದು ಪ್ರೇಮಕಥೆ ಓದುತ್ತಲೇ ಪ್ರೇಮಕ್ಕೆ ಬೀಳುತ್ತಾರೆ. ಓದುಗರಾದವರು ಮರೆಯಲಾಗದ ಜೋಡಿ. ಆದರೂ ನರಕದ ಹೆಸರಿನ ಪೆನ್ನನ್ನು ಮದುವೆಗೆ ಕೊಡಲು ನಾನು ಹೇಳಲಾರೆ, ಅದು ಸಂಗ್ರಾಹಕರ ವಸ್ತು. ಫ್ಲಾರೆನ್ಸಿನ ವಿಸ್ಕೊಂಟಿಯ ಹೋಮೋ ಸೇಪಿಯನ್ಸ್‌ಗೆ ಕಾವ್ಯದ ನಂಟಿಲ್ಲ, ಆದರೆ ಅದರ ಮೈಗೆ ಎಟ್ನಾ ಜ್ವಾಲಾಮುಖಿಯ ಲಾವಾ ಬೆರೆಸಿದ್ದಾರೆ. ಒರಟು ಮೈ, ಬೆವರಿದ ಬೆರಳಿಗೆ ಜಾರುವುದಿಲ್ಲ. ಏಪ್ರಿಲ್–ಮೇ ತಿಂಗಳ ನಮ್ಮ ಸೆಕೆಗೆ ಇದು ದೊಡ್ಡ ಅನುಕೂಲ.

ನಮ್ಮವರು ಕಡೆದ ಎಬೊನೈಟ್

ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರೇ ಎಬೊನೈಟ್. ಅದನ್ನು ಲೇತ್‌ನಲ್ಲಿ ಕಡೆದು ಪೆನ್ನು ಮಾಡುವ ಕಲೆ ದಕ್ಷಿಣ ಭಾರತದಲ್ಲಿ ಇನ್ನೂ ಜೀವಂತವಾಗಿದೆ. ರಾಜಮಂಡ್ರಿಯ ರತ್ನಂ 1930ರ ದಶಕದ ಸ್ವದೇಶಿ ಹುರುಪಿನಲ್ಲಿ ಹುಟ್ಟಿದ್ದು. ಚೆನ್ನೈ ಸಮೀಪದ ತಿರುವಳ್ಳೂರಿನ ರಂಗಾ ನಿಮಗೆ ಬೇಕಾದ ಆಕಾರ, ಬಣ್ಣದಲ್ಲಿ ಕಡೆದು, ಬಯಸಿದರೆ ಜರ್ಮನಿಯ ನಿಬ್ಬು ಕೂರಿಸಿಕೊಡುತ್ತದೆ. ಉಕ್ಕಿನ ನಿಬ್ಬಿನದಕ್ಕೆ ಕೆಲವೇ ಸಾವಿರ, ಚಿನ್ನದ ನಿಬ್ಬಿಗೆ ಅದರ ಹಲವು ಪಟ್ಟು. ಎಬೊನೈಟ್ ಹಗುರ, ಕೈಗೆ ಬೆಚ್ಚಗೆ, ದಿನವಿಡೀ ಬರೆದರೂ ಆಯಾಸವಿಲ್ಲ. ಬಿಸಿಲು–ನೀರಿಗೆ ಕಪ್ಪು ಬಣ್ಣ ಕಂದುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಎಬೊನೈಟಿನಲ್ಲಿ ಗಂಧಕ ಇರುವುದರಿಂದ ಬೆಳ್ಳಿಯ ಪೆನ್ನನ್ನು ಅದರ ಜೊತೆ ಒಂದೇ ಪೆಟ್ಟಿಗೆಯಲ್ಲಿ ಇಡಬೇಡಿ, ಬೆಳ್ಳಿ ಬೇಗ ಕಪ್ಪಾಗುತ್ತದೆ.

ಇವುಗಳಲ್ಲಿ ಕೆಲವು ಡ್ರಾಪರಿನಿಂದ ನೇರ ಶಾಯಿ ತುಂಬುವಂಥವು. ಶಾಯಿ ಅರ್ಧಕ್ಕಿಂತ ಇಳಿದಾಗ ಕೈಯ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ತೊಟ್ಟು ಬೀಳಿಸುತ್ತದೆ. ಶಿರಾಡಿ ಹತ್ತುವ ರಾತ್ರಿ ಬಸ್ಸಿನಲ್ಲಿ ಗಾಳಿಯ ಒತ್ತಡ ಇಳಿಯುವಾಗಲೂ ಅದೇ ಅಪಾಯ, ನಿಬ್ಬು ಮೇಲ್ಮುಖವಾಗಿಯೇ ಇರಲಿ. ಓಡಾಟ ಹೆಚ್ಚಿರುವವರು ಕನ್ವರ್ಟರ್ (ಶಾಯಿ ಎಳೆದುಕೊಳ್ಳುವ, ಬಿಚ್ಚಿ ತೆಗೆಯಬಹುದಾದ ಪುಟ್ಟ ಕೊಳವೆ) ಇರುವುದನ್ನೇ ಕೇಳಿ.

ಸಾಹಿತ್ಯದ ನಂಟು ನಾವೇ ಕಟ್ಟಿಕೊಳ್ಳಬಹುದಾದದ್ದು ಇದರ ದೊಡ್ಡ ಗುಣ. ಉಡುಪಿ ಸೀಮೆಯ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿ, ಉಡುಪಿಯ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕನಾಗಿ ದುಡಿದು, 1901ರಲ್ಲಿ ತೀರಿಕೊಂಡ ಮುದ್ದಣ ಬರೆದ 'ಶ್ರೀರಾಮಾಶ್ವಮೇಧಂ'ನಲ್ಲಿ ರಾಮಕಥೆಯ ನಡುನಡುವೆ ಗಂಡ–ಹೆಂಡಿರ ಸಲ್ಲಾಪ ಬರುತ್ತದೆ. ಹೊರಗೆ ಮಳೆಗಾಲ, ಒಳಗೆ ಹೆಂಡತಿ ಮನೋರಮೆ ಕಥೆ ಹೇಳೆಂದು ಪೀಡಿಸುತ್ತಾಳೆ, ನಡುವೆ ತಡೆದು ಕೆಣಕುತ್ತಾಳೆ. ದಾಂಪತ್ಯದ ಒಲವನ್ನು ಇಷ್ಟು ಲವಲವಿಕೆಯಿಂದ ಬರೆದ ಗದ್ಯ ನಮ್ಮಲ್ಲಿ ಅಪರೂಪ. ಆಸ್ಟಿನ್ ತನ್ನ ಮೊದಲ ಕಾದಂಬರಿಯ ಮೇಲೆ ಹೆಸರು ಹಾಕದೆ 'ಒಬ್ಬ ಮಹಿಳೆಯಿಂದ' ಎಂದಷ್ಟೇ ಅಚ್ಚು ಮಾಡಿಸಿದಳು. ಮುದ್ದಣನೂ ತನ್ನ ಕೃತಿಯನ್ನು ಯಾವುದೋ ಹಳೆಯ ಕವಿಯದೆಂಬಂತೆ ಪತ್ರಿಕೆಗೆ ಕಳಿಸಿ ತಾನು ಮರೆಯಲ್ಲೇ ಉಳಿದ. ಆಸ್ಟಿನ್‌ಗೆ ಲಕ್ಷದ ಪೆನ್ನು ಬಂದಿದೆ. ಮುದ್ದಣ–ಮನೋರಮೆಯರ ಹೆಸರು ಕೆತ್ತಿಸಿದ ಒಂದು ಜೊತೆ ಎಬೊನೈಟ್ ಪೆನ್ನನ್ನು ಹೊಸ ದಂಪತಿಗೆ ಕೊಡಲು ಅದರ ಸಣ್ಣ ಪಾಲು ಸಾಕು.

ಹೆಸರಿಲ್ಲದ ಒಳ್ಳೆಯ ಪೆನ್ನು, ಹೆಸರುಳ್ಳ ಶಾಯಿ

ಇನ್ನೊಂದು ದಾರಿ: ಕಥೆಯನ್ನು ಶಾಯಿಗೆ ಬಿಟ್ಟು, ಹಣವನ್ನು ನಿಬ್ಬಿಗೆ ಹಾಕುವುದು. ಪ್ಲಾಟಿನಂ 3776 ಸೆಂಚುರಿ ಪೆನ್ನಿಗೆ ಫ್ಯೂಜಿ ಪರ್ವತದ ಎತ್ತರದ ಮೀಟರುಗಳನ್ನೇ ಹೆಸರಾಗಿಟ್ಟಿದ್ದಾರೆ. 14 ಕ್ಯಾರಟ್ ಚಿನ್ನದ ನಿಬ್ಬು, ತೆಳು ಗೆರೆ, ತಿಂಗಳುಗಟ್ಟಲೆ ಮುಟ್ಟದಿದ್ದರೂ ಶಾಯಿ ಒಣಗದಂತೆ ತಡೆಯುವ ಮುಚ್ಚಳ. ಹತ್ತರಿಂದ ಇಪ್ಪತ್ತೈದು ಸಾವಿರದೊಳಗೆ ಕನ್ನಡದ ಒತ್ತಕ್ಷರಕ್ಕೆ ಇದರಷ್ಟು ಒಪ್ಪುವ ನಿಬ್ಬು ನನಗೆ ತಿಳಿದಂತೆ ಇನ್ನೊಂದಿಲ್ಲ. ಪೈಲಟ್‌ನ ಇರೊಶಿಜುಕು ಶಾಯಿಗಳಲ್ಲಿ 'ಮುರಸಾಕಿ-ಶಿಕಿಬು' ಎಂಬ ನೇರಳೆ ಬಣ್ಣವಿದೆ. ಗೆಂಜಿಯ ಲೇಖಕಿಯ ಹೆಸರನ್ನೇ ಪಡೆದ ಒಂದು ಗಿಡದ ಹಣ್ಣಿನ ಬಣ್ಣ ಅದು. ಮಣಿಪಾಲದ ವಿದ್ಯಾರ್ಥಿಗೆ ಪೆನ್ನೂ ಹೆಚ್ಚೆನಿಸಿದರೆ, ಇರುವ ಪೆನ್ನಿಗೆ ಆ ಶಾಯಿಯೊಂದೇ ಸಾಕು.

ಹಾಗಾದರೆ ಯಾರಿಗೆ ಯಾವುದು

ಬಜೆಟ್ ಲಕ್ಷ ದಾಟಿದ್ದು, ಪಡೆಯುವವರು ಇಂಗ್ಲಿಷ್ ಸಾಹಿತ್ಯದಲ್ಲೇ ಬದುಕಿದವರಾದರೆ, ಅವರು ಬರೆಯುವುದು ಆಗೊಮ್ಮೆ ಈಗೊಮ್ಮೆಯಾದರೆ, ಎಫ್ ನಿಬ್ಬಿನ ಆಸ್ಟಿನ್ ಕೊಡಿ. ಅಷ್ಟೇ ಹಣದಲ್ಲಿ ದಿನವೂ ಬರೆಯುವ ಪೆನ್ನು ಬೇಕಾದರೆ ಆಸ್ಟಿನ್ ಬಿಟ್ಟು ನಕಾಯಾ ಹೇಳಿಸಿ, ನಮ್ಮ ಹವೆಯಲ್ಲಿ ಅದು ಹೆಚ್ಚು ನೆಮ್ಮದಿಯಿಂದ ಬಾಳುತ್ತದೆ. ಮದುವೆಗೆ ಐದು–ಹತ್ತು ಸಾವಿರದ ಮಿತಿಯಿದ್ದರೆ ಜೋಡಿ ಎಬೊನೈಟ್, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಕವಿತೆ, ದಿನಚರಿ, ಉದ್ದ ಪತ್ರ ಬರೆಯುವವರಿಗೆ 3776. ಸಂಗ್ರಾಹಕರಿಗೆ ಮಗನ ಸಹಿಯ ಡ್ಯೂಮಾ.

ಎರಡರ ನಡುವೆ ತೂಗಾಡುತ್ತಿದ್ದರೆ ಬೆಂಗಳೂರಿನ ಅಂಗಡಿಗೆ ಹೋಗುವಾಗ ನೀವು ದಿನವೂ ಬಳಸುವ ನೋಟ್‌ಪುಸ್ತಕವನ್ನೇ ಒಯ್ಯಿರಿ. ಅಂಗಡಿಯವರು ಕೊಡುವ ನಯವಾದ ಹಾಳೆಯಲ್ಲಿ ಎಲ್ಲ ಪೆನ್ನೂ ಚೆನ್ನಾಗಿಯೇ ಓಡುತ್ತದೆ. ಬರಿಯ ಸಹಿ ಹಾಕಿ ಎದ್ದುಬರಬೇಡಿ. ಒತ್ತಕ್ಷರ ತುಂಬಿದ ಅರ್ಧ ಪುಟ ಕನ್ನಡವನ್ನು ಕುಳಿತು, ಮುಚ್ಚಳ ಹಿಂದಕ್ಕೆ ಸಿಕ್ಕಿಸಿ ಒಮ್ಮೆ, ಸಿಕ್ಕಿಸದೆ ಒಮ್ಮೆ ಬರೆಯಿರಿ. ಷಕಾರದ ಹೊಟ್ಟೆ ತೆರೆದೇ ಇದ್ದು, ಬೆರಳು ನೋಯದ ಪೆನ್ನನ್ನು ಮೇಜಿನ ಮೇಲೆ ಉಳಿಸಿಕೊಳ್ಳಿ. ಆಮೇಲೆ ಅದರ ಹೆಸರು ಕೇಳಿ.